ಒಂದು ಪ್ಯಾಕೇಜು, ನೂರೆಂಟು ಹಂಗು

ಅಪ್ಪ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದಾಗ ಅಜ್ಜ ಬರೆದ ಇನ್‌ಲ್ಯಾಂಡ್ ಪತ್ರಗಳು ನಮ್ಮ ಮನೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿದ್ದವು. ಮಡಿಕೆಯಲ್ಲೇ ಹರಿಯತೊಡಗಿದ್ದವು. ಒಂದು ಶನಿವಾರ ಸಂಜೆ ಕೂತು ಅಷ್ಟನ್ನೂ ಸ್ಕ್ಯಾನ್ ಮಾಡಿಬಿಡೋಣ ಎಂದುಕೊಂಡೆ. ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್ ಮಿಂಟ್ 21. ಪಕ್ಕದಲ್ಲಿ ಪ್ರಿಂಟರು, ಸ್ಕ್ಯಾನರು ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರ. ಕಂಪನಿಯ ಜಾಲತಾಣದಿಂದ ಸ್ಕ್ಯಾನರಿನ ಡೆಬ್ ಫೈಲು ಇಳಿಸಿಕೊಂಡು, ಟರ್ಮಿನಲ್ ತೆರೆದು, ಪ್ಯಾಕೇಜು ಹಾಕಿ ತೆಗೆಯುವ ಆಪ್ಟ್‌ಗೆ ಇನ್‌ಸ್ಟಾಲ್ ಮಾಡು ಎಂದೆ. ಉತ್ತರ ಇಂಗ್ಲಿಷಿನಲ್ಲಿ ಬಂತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ‘ಈ ಪ್ಯಾಕೇಜಿನ ಅವಲಂಬನೆಗಳು ಪೂರೈಕೆಯಾಗಿಲ್ಲ. ಇದಕ್ಕೆ ಲಿಬ್‌ಎಸ್‌ಎಸ್‌ಎಲ್1.1 ಬೇಕು, ಆದರೆ ಅದನ್ನು ಇನ್‌ಸ್ಟಾಲ್ ಮಾಡಲು ಆಗದು.’ ಅದರ ಕೆಳಗೆ ಇನ್ನೊಂದು ಸಾಲು: ‘ಸಮಸ್ಯೆ ಸರಿಪಡಿಸಲಾಗಲಿಲ್ಲ, ನೀವು ಮುರಿದ ಪ್ಯಾಕೇಜುಗಳನ್ನು ಹಿಡಿದಿಟ್ಟುಕೊಂಡಿದ್ದೀರಿ.’

ನಾನು ಏನನ್ನೂ ಹಿಡಿದಿಟ್ಟುಕೊಂಡಿರಲಿಲ್ಲ. ಮುರಿದೂ ಇರಲಿಲ್ಲ. ಮಾಡದ ತಪ್ಪಿಗೆ ಪೊಲೀಸ್ ಠಾಣೆಗೆ ಕರೆಸಿಕೊಂಡವನ ಹಾಗೆ ಪರದೆ ನೋಡುತ್ತಾ ಕೂತೆ. ಆಪ್ಟ್ ಬಳಸುವ ಬಹುತೇಕರು ಒಂದಲ್ಲ ಒಂದು ದಿನ ಈ ಸಾಲನ್ನು ಕಂಡಿರುತ್ತಾರೆ. ಯಾವ ಪ್ಯಾಕೇಜನ್ನೂ ‘ಹಿಡಿದಿಡು’ ಎಂದು ಗುರುತು ಮಾಡದೇ ಇದ್ದರೂ ಅದು ಹಾಗೆಯೇ ಹೇಳುತ್ತದೆ. ಅದರ ಅರ್ಥ ಇಷ್ಟೇ: ನೀವು ಕೇಳಿದ್ದನ್ನು ಕೊಡಲು ನನಗೆ ದಾರಿ ಕಾಣುತ್ತಿಲ್ಲ.

ಮೇಲಿನ ಮನೆಯಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷದ ಹುಡುಗನೊಬ್ಬನಿದ್ದಾನೆ. ಕರೆದೆ. ಬಂದು ನೋಡಿದವನೇ, ‘ಆಪ್ಟ್ ಬಿಡಿ ಅಂಕಲ್, ಡಿಪಿಕೆಜಿಯಲ್ಲಿ ಹಾಕಿ. ಅದು ಇಷ್ಟೆಲ್ಲಾ ಕೇಳಲ್ಲ’ ಎಂದ. ಹಾಕಿದೆವು. ಆಪ್ಟ್‌ನ ಅಡಿಯಲ್ಲಿ ಕೆಲಸ ಮಾಡುವ ಡಿಪಿಕೆಜಿ ಗೊಣಗಿತು, ಆದರೂ ಫೈಲುಗಳನ್ನೆಲ್ಲ ಬಿಚ್ಚಿ ಜಾಗಕ್ಕೆ ಇಟ್ಟಿತು. ಇಟ್ಟು, ‘ಇನ್ನೂ ಸಿದ್ಧವಾಗಿಲ್ಲ’ ಎಂಬ ಚೀಟಿ ಅಂಟಿಸಿತು. ಈಗ ಬೇರೆ ಯಾವ ಪ್ಯಾಕೇಜು ಕೇಳಿದರೂ ಆಪ್ಟ್ ಕೊಡದು. ಮೊದಲು ಇದನ್ನು ಸರಿಮಾಡಿ ಎನ್ನುತ್ತದೆ. ‘ಫಿಕ್ಸ್-ಬ್ರೋಕನ್ ಹೊಡೀರಿ ಅಂಕಲ್, ಸರಿಹೋಗುತ್ತೆ’ ಎಂದ ಹುಡುಗ. ಹೊಡೆದೆ. ಅದು ಸೂಚಿಸಿದ ಪರಿಹಾರ ಒಂದೇ: ಇದೀಗ ಹಾಕಿದ ಸ್ಕ್ಯಾನರ್ ತಂತ್ರಾಂಶವನ್ನು ತೆಗೆದುಹಾಕುವುದು. ತಲೆನೋವಿಗೆ ತಲೆ ತೆಗೆಯುವ ವೈದ್ಯ ಎಂದು ನಾವಿಬ್ಬರೂ ನಕ್ಕೆವು. ಆಮೇಲೆ ಯೋಚಿಸಿದರೆ, ಅದರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಯಾವ ತಂತ್ರಾಂಶವೂ ತನ್ನ ಕೆಲಸವನ್ನೆಲ್ಲ ತಾನೇ ಮಾಡಿಕೊಳ್ಳುವುದಿಲ್ಲ. ಅಂತರ್ಜಾಲದಲ್ಲಿ ಗುಟ್ಟಾಗಿ ಮಾತಾಡಲು ಒಂದು ಲೈಬ್ರರಿ, ಚಿತ್ರ ಬಿಡಿಸಲು ಇನ್ನೊಂದು, ಕಡತ ಕುಗ್ಗಿಸಲು ಮತ್ತೊಂದು. ಇವನ್ನೆಲ್ಲ ಬೇರೆ ಯಾರೋ ಬರೆದಿಟ್ಟಿರುತ್ತಾರೆ. ಇದು ಕರೆದು ಬಳಸುತ್ತದೆ. ಪುಸ್ತಕದ ಭಾಷೆಯಲ್ಲಿ ಇದು ಅವಲಂಬನೆ, ಕಂಪ್ಯೂಟರಿನವರ ಬಾಯಲ್ಲಿ ಡಿಪೆಂಡೆನ್ಸಿ. ನನಗಂತೂ ಹಂಗು ಎಂಬ ಮಾತೇ ಸರಿಯೆನಿಸುತ್ತದೆ. ಏಕೆಂದರೆ ಹಂಗಿನಲ್ಲಿ ಉಪಕಾರವೂ ಇದೆ, ಕಟ್ಟುಪಾಡೂ ಇದೆ.

ಈ ಲೇಖನವನ್ನೇ ತೆಗೆದುಕೊಳ್ಳಿ. ನಾನು ಟೈಪಿಸುತ್ತಿರುವುದು ಕನ್ನಡ ಗಣಕ ಪರಿಷತ್ತಿನ ಕೀಲಿಮಣೆಯಲ್ಲಿ, ಅಂದರೆ ಕೆಜಿಪಿ ವಿನ್ಯಾಸದಲ್ಲಿ. ಲಿನಕ್ಸಿನಲ್ಲಿ ಅದು ಬೇಕೆಂದರೆ ಐಬಸ್-ಎಂ17ಎನ್ ಎಂಬ ಪ್ಯಾಕೇಜು ಹಾಕಬೇಕು. ಅದು ಐಬಸ್ ಬೇಕೆನ್ನುತ್ತದೆ, ಎಂ17ಎನ್ ಲೈಬ್ರರಿ ಬೇಕೆನ್ನುತ್ತದೆ. ಆ ಲೈಬ್ರರಿ ತನ್ನ ದತ್ತಾಂಶದ ಪ್ಯಾಕೇಜು ಬೇಕೆನ್ನುತ್ತದೆ. ಯಾವ ಕೀಲಿ ಒತ್ತಿದರೆ ಯಾವ ಕನ್ನಡ ಅಕ್ಷರ ಎಂಬ ನಕ್ಷೆ ಇರುವುದು ಆ ಕೊನೆಯ ಪ್ಯಾಕೇಜಿನ ಒಂದು ಪುಟ್ಟ ಪಠ್ಯ ಕಡತದಲ್ಲಿ. (ಎಂ17ಎನ್ ಎಂದರೆ ಏನೋ ರಹಸ್ಯ ಸಂಕೇತವಲ್ಲ. ಬಹುಭಾಷೆಗೆ ಒಗ್ಗಿಸುವುದು ಎಂಬರ್ಥದ ಉದ್ದನೆಯ ಇಂಗ್ಲಿಷ್ ಪದದ ಮೊದಲ ಅಕ್ಷರ ಎಂ, ಕೊನೆಯದು ಎನ್, ನಡುವೆ 17 ಅಕ್ಷರ. ಬರೆಯಲು ಬೇಸರವಾದವರು ಎಣಿಸಿಟ್ಟರು.) ಅಕ್ಷರ ಒತ್ತಿದ್ದಾಯಿತು, ಪರದೆಯ ಮೇಲೆ ಒತ್ತಕ್ಷರ ಕೆಳಗೆ ಕೂರಬೇಕು, ಅರ್ಕಾವೊತ್ತು ಜಾಗ ಬದಲಿಸಬೇಕು. ಆ ಕೆಲಸ ಹಾರ್ಫ್‌ಬಜ್ ಎಂಬ ಲೈಬ್ರರಿಯದು. ಲಿಬ್ರೆಆಫೀಸಿಗೂ ಅದೇ, ಇಂಕ್‌ಸ್ಕೇಪಿಗೂ ಅದೇ, ಗಿಂಪಿಗೂ ಅದೇ. ಇನ್ನು ಫಾಂಟು. ಮಿಂಟ್, ಉಬುಂಟುಗಳ ಮೂಲವಾದ ಡೆಬಿಯನ್‌ನಲ್ಲಿ ಕನ್ನಡ ಫಾಂಟುಗಳಿಗೆಂದೇ ಒಂದು ಪ್ಯಾಕೇಜಿದೆ, ಅದರೊಳಗೆ ಒಂದು ಫಾಂಟೂ ಇಲ್ಲ! ಗುಬ್ಬಿ ಬೇಕು, ನವಿಲು ಬೇಕು ಎಂಬ ಪಟ್ಟಿ ಮಾತ್ರ ಇದೆ. ಹಂಗುಗಳನ್ನಷ್ಟೇ ಹೊತ್ತ ಖಾಲಿ ಬುಟ್ಟಿ. ಅದನ್ನು ಕೇಳಿದರೆ ಫಾಂಟುಗಳೆಲ್ಲ ತಾವಾಗಿ ಬರುತ್ತವೆ.

ಹೀಗೆ ಹಂಚಿಕೊಳ್ಳುವುದೇಕೆ, ಒಬ್ಬೊಬ್ಬರೂ ತಮ್ಮದೇ ಪ್ರತಿ ಇಟ್ಟುಕೊಳ್ಳಬಾರದೇ ಎಂದರೆ, ಡಿಸ್ಕಿನ ಜಾಗ ಉಳಿಯುತ್ತದೆ ಎಂಬುದು ಹಳೆಯ ಉತ್ತರ. ಈಗಿನ ಉತ್ತರ ಬೇರೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾಯಿತು. ಸರ್ವರಿನ ನೆನಪಿನಲ್ಲಿದ್ದ ಪಾಸ್‌ವರ್ಡು, ಗುಪ್ತ ಕೀಲಿಗಳು ಹೊರಗಿನವರ ಕೈಗೆ ಸೋರಬಹುದಾದಂಥ ದೋಷ. ಹಂಚಿಕೊಂಡ ಲೈಬ್ರರಿಯಿದ್ದ ಯಂತ್ರಗಳಲ್ಲಿ ಒಂದೇ ಪ್ಯಾಕೇಜು ಬದಲಿಸಿ, ಅದನ್ನು ಬಳಸುವ ಕಾರ್ಯಕ್ರಮಗಳನ್ನು ಮತ್ತೆ ಚಾಲೂ ಮಾಡಿದರೆ ರಂಧ್ರ ಮುಚ್ಚಿತು. 2023ರ ಸೆಪ್ಟೆಂಬರಿನಲ್ಲಿ ಲಿಬ್‌ವೆಬ್‌ಪಿ ಎಂಬ ಚಿತ್ರದ ಲೈಬ್ರರಿಯಲ್ಲಿ ದೋಷ ಸಿಕ್ಕಾಗ ಕತೆ ಉಲ್ಟಾ. ಅದರ ಪ್ರತಿಯನ್ನು ತಂತಮ್ಮ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದ ಹತ್ತಾರು ಆ್ಯಪುಗಳು ಒಂದೊಂದಾಗಿ ಹೊಸ ಆವೃತ್ತಿ ಹೊರತರಬೇಕಾಯಿತು. ಬಳಸುವವನು ಪ್ರತಿಯೊಂದನ್ನೂ ನವೀಕರಿಸಿಕೊಳ್ಳಬೇಕಾಯಿತು.

ಹಂಗಿನ ಲಾಭ ಅದು. ಬೆಲೆ ಏನೆಂದರೆ, ಹಂಚಿಕೊಂಡದ್ದು ಬದಲಾದರೆ ಅದನ್ನು ನಂಬಿದವರೆಲ್ಲರೂ ಬದಲಾಗಬೇಕು.

ನನ್ನ ಶನಿವಾರದ ತೊಡಕೂ ಇದೇ. ಲಿಬ್‌ಎಸ್‌ಎಸ್‌ಎಲ್ ಎಂದರೆ ಅದೇ ಓಪನ್‌ಎಸ್‌ಎಸ್‌ಎಲ್‌ನ ಭಾಗ. 2021ರ ಸೆಪ್ಟೆಂಬರಿನಲ್ಲಿ ಅದರ 3.0 ಆವೃತ್ತಿ ಬಂತು. ಹಳೆಯ 1.1ಕ್ಕೆಂದು ಕಟ್ಟಿದ ತಂತ್ರಾಂಶ ಹೊಸದರ ಜೊತೆ ಹಾಗೆಯೇ ಮಾತಾಡಲಾರದು. ಅದಕ್ಕೇ ಪ್ಯಾಕೇಜಿನ ಹೆಸರಿಗೇ ಸಂಖ್ಯೆ ಅಂಟಿಸುತ್ತಾರೆ. 2022ರ ಏಪ್ರಿಲ್‌ನ ಉಬುಂಟು 22.04 ತನ್ನ ಕಣಜದಿಂದ 1.1 ಅನ್ನು ಕೈಬಿಟ್ಟಿತು. ರೆಪಾಸಿಟರಿಗೆ ನಾನು ಕಣಜ ಎನ್ನುತ್ತೇನೆ. ಬಿತ್ತನೆಗೂ ಊಟಕ್ಕೂ ಅಲ್ಲಿಂದಲೇ ತೆಗೆಯುವುದು ತಾನೇ? ಮಿಂಟ್ 21 ನಿಂತಿರುವುದು ಆ ಉಬುಂಟುವಿನ ಮೇಲೆ. ನನ್ನ ಸ್ಕ್ಯಾನರಿನ ಕಂಪನಿ ಅದಕ್ಕೂ ಮೊದಲು ತಂತ್ರಾಂಶ ಕಟ್ಟಿ, ಜಾಲತಾಣಕ್ಕೆ ಹಾಕಿ, ಮರೆತುಬಿಟ್ಟಿತ್ತು. ಯಂತ್ರ ಕೆಟ್ಟಿಲ್ಲ, ಕಂಪ್ಯೂಟರು ಕೆಟ್ಟಿಲ್ಲ. ಒಬ್ಬರು ಮನೆ ಬದಲಿಸಿದ್ದಾರೆ, ಇನ್ನೊಬ್ಬರು ಹಳೆಯ ವಿಳಾಸಕ್ಕೇ ಕಾಗದ ಹಾಕುತ್ತಿದ್ದಾರೆ.

‘ಹಳೇ ಉಬುಂಟು 20.04ರ ಕಣಜದಿಂದ 1.1 ತಂದು ಹಾಕೋಣ ಅಂಕಲ್, ಎಲ್ಲರೂ ಹಾಗೇ ಮಾಡೋದು’ ಎಂದ ಹುಡುಗ. ನಿಜ, ಎಲ್ಲರೂ ಹಾಗೇ ಮಾಡುತ್ತಾರೆ. ಹೆಸರಿನಲ್ಲೇ ಸಂಖ್ಯೆ ಇರುವುದರಿಂದ 1.1 ಮತ್ತು 3 ಒಂದರ ಪಕ್ಕ ಒಂದು ಜಗಳವಿಲ್ಲದೆ ಕೂರುತ್ತವೆ, ಸ್ಕ್ಯಾನರೂ ಓಡುತ್ತದೆ. ಆದರೆ 1.1ರ ಕೊನೆಯ ಸರಣಿಗೆ ಓಪನ್‌ಎಸ್‌ಎಸ್‌ಎಲ್ ತಂಡದ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್ 11ಕ್ಕೇ ಮುಗಿಯಿತು. ಕೈಯಾರೆ ತಂದು ಹಾಕಿದ ಆ ಪ್ಯಾಕೇಜಿಗೆ ನನ್ನ ಯಂತ್ರದ ಕಣಜದಿಂದ ಯಾವ ತೇಪೆಯೂ ಬರುವುದಿಲ್ಲ. ಬೀಗ ಹಾಕುವ ಲೈಬ್ರರಿಯನ್ನೇ ತುಕ್ಕು ಹಿಡಿದದ್ದು ತಂದಿಡಬೇಕೇ? ಬೇಡ ಎಂದೆ. ಹುಡುಗನಿಗೆ ಸ್ವಲ್ಪ ನಿರಾಸೆಯಾಯಿತು.

ಅವನಿಗೆ ಗೊತ್ತಿಲ್ಲದ ಒಂದು ಹಳೆಯ ಪೆಟ್ಟು ನನಗಿತ್ತು. ಕೆಲವು ವರ್ಷಗಳ ಹಿಂದೆ ವಿಡಿಯೊ ಕತ್ತರಿಸುವ ತಂತ್ರಾಂಶವೊಂದರ ಹೊಚ್ಚಹೊಸ ಆವೃತ್ತಿಯ ಆಸೆಗೆ ಬಿದ್ದು, ಯಾರೋ ಇಟ್ಟಿದ್ದ ಖಾಸಗಿ ಕಣಜವೊಂದನ್ನು ಪಟ್ಟಿಗೆ ಸೇರಿಸಿದ್ದೆ. ಅಲ್ಲಿ ವಿಡಿಯೊ ತಂತ್ರಾಂಶ ಒಂದೇ ಇರಲಿಲ್ಲ. ಅದಕ್ಕೆ ಬೇಕಾದ ಲೈಬ್ರರಿಗಳ ಹೊಸ ಆವೃತ್ತಿಗಳೂ ಇದ್ದವು. ಅವು ಬಂದು ನನ್ನ ಯಂತ್ರದ ಹಳೆಯವನ್ನು ತಳ್ಳಿ ಕೂತವು. ಆರು ತಿಂಗಳ ಮೇಲೆ ಒಂದು ರಾತ್ರಿ ಪೂರ್ತಿ ನವೀಕರಣ ಮಾಡುವಾಗ ಆಪ್ಟ್ ಉದ್ದನೆಯ ಪಟ್ಟಿ ಕೊಟ್ಟು, ಮುಂದುವರಿಯಲೇ ಎಂದು ಕೇಳಿತು. ಊಟಕ್ಕೆ ಕರೆದಿದ್ದರು. ವೈ ಒತ್ತಿ ಎದ್ದುಹೋದೆ. ಅನ್ನ ಸಾರು ಉಂಡು ಬಂದು ನೋಡಿದರೆ ಕಪ್ಪು ಪರದೆ, ಎಡಮೂಲೆಯಲ್ಲಿ ಮಿಣುಕುವ ಗೆರೆ. ಮರುಚಾಲೂ ಮಾಡಿದರೂ ಅದೇ.

ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಬರೀ ಅಕ್ಷರಗಳ ಪರದೆಯೊಂದು ಬರುತ್ತದೆ. ಒಳಹೊಕ್ಕೆ. ಬರೆದಿಟ್ಟ ಲೇಖನಗಳಾದರೂ ಇವೆಯೇ ಎಂದು ಕಡತಗಳ ಪಟ್ಟಿ ಕೇಳಿದರೆ, ಕನ್ನಡದಲ್ಲಿ ಹೆಸರಿಟ್ಟ ಕಡತಗಳೆಲ್ಲ ಚೌಕ ಚೌಕ. ಆ ಪರದೆಗೆ ಕನ್ನಡ ಬರುವುದಿಲ್ಲ. ಎದೆ ಝಲ್ಲೆಂದಿತು. ಕಡತಗಳು ಸುರಕ್ಷಿತವಾಗಿವೆ, ತೋರಿಸುವ ಫಾಂಟಿಲ್ಲ ಅಷ್ಟೇ ಎಂದು ಹೊಳೆಯಲು ಎರಡು ನಿಮಿಷ ಬೇಕಾಯಿತು.

ಇಂಥ ಹೊತ್ತಿಗೆ ನೆನಪಿಡಬೇಕಾದ ಒಂದು ಜಾಗವಿದೆ. ಆಪ್ಟ್ ತಾನು ಮಾಡಿದ್ದನ್ನೆಲ್ಲ ಬರೆದಿಡುತ್ತದೆ. ವಾರ್ ಎಂಬ ಫೋಲ್ಡರಿನೊಳಗೆ ಲಾಗ್, ಅದರೊಳಗೆ ಆಪ್ಟ್, ಅದರಲ್ಲಿ ಹಿಸ್ಟರಿ ಎಂಬ ಕಡತ. ಕಿರಾಣಿ ಅಂಗಡಿಯ ಕೈಬರಹದ ಖಾತೆಯಂತೆ ಎಲ್ಲವೂ ಇರುತ್ತದೆ: ಶುರುವಾದ ದಿನ, ಗಂಟೆ, ಕೊಟ್ಟ ಆಜ್ಞೆ, ಹಾಕಿದ್ದು, ಮೇಲೇರಿಸಿದ್ದು, ತೆಗೆದದ್ದು. ಆ ರಾತ್ರಿಯ ಲೆಕ್ಕದಲ್ಲಿ ‘ತೆಗೆದದ್ದು’ ಎಂಬ ಸಾಲು ಪರದೆಯನ್ನೇ ತುಂಬಿತ್ತು. ಡೆಸ್ಕ್‌ಟಾಪು ಹೋಗಿತ್ತು, ಲಾಗಿನ್ ಪರದೆ ಹೋಗಿತ್ತು, ನಡುವೆ ಎಲ್ಲೋ ಐಬಸ್-ಎಂ17ಎನ್ ಕೂಡ ಹೋಗಿತ್ತು. ಖಾಸಗಿ ಕಣಜವನ್ನು ಪಟ್ಟಿಯಿಂದ ಕಿತ್ತು, ಅದರಿಂದ ಬಂದ ಲೈಬ್ರರಿಗಳನ್ನು ಮೂಲ ಆವೃತ್ತಿಗೆ ಇಳಿಸಿದೆ; ಪಿಪಿಎ-ಪರ್ಜ್ ಎಂಬ ಉಪಕರಣ ಇರುವುದೇ ಅದಕ್ಕೆ. ಆಮೇಲೆ ಹೋದದ್ದನ್ನೆಲ್ಲ ಖಾತೆ ನೋಡಿಕೊಂಡು ಮತ್ತೆ ಹಾಕಿದೆ. ಮುಗಿದಾಗ ಬೆಳಗಿನ ಜಾವ. ಟೈಮ್‌ಶಿಫ್ಟ್ ಎಂಬ ತಂತ್ರಾಂಶದಲ್ಲಿ ಹಿಂದಿನ ದಿನದ ಯಂತ್ರಸ್ಥಿತಿಯ ಚಿತ್ರ ತೆಗೆದಿಟ್ಟಿದ್ದರೆ ಹತ್ತು ನಿಮಿಷದ ಕೆಲಸ. ಮಿಂಟ್‌ನಲ್ಲಿ ಅದು ಮೊದಲಿನಿಂದಲೂ ಇತ್ತು. ನಾನು ಒಮ್ಮೆಯೂ ತೆರೆದಿರಲಿಲ್ಲ.

ಈ ಪೆಟ್ಟು ನನಗೊಬ್ಬನಿಗೇ ಅಲ್ಲ. 2021ರ ನವೆಂಬರಿನಲ್ಲಿ ಕೆನಡಾದ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಲಕ್ಷಾಂತರ ವೀಕ್ಷಕರೆದುರು ಇದನ್ನೇ ಮಾಡಿಕೊಂಡರು. ಪಾಪ್ ಓಎಸ್ ಎಂಬ ಲಿನಕ್ಸಿನಲ್ಲಿ ಆಟದ ತಂತ್ರಾಂಶ ಸ್ಟೀಮ್ ಹಾಕಲು ಹೋದರು. ಪ್ಯಾಕೇಜು ಕಟ್ಟಿದ್ದರಲ್ಲಿ ಆದ ತಪ್ಪಿನಿಂದ, ಸ್ಟೀಮ್ ಬೇಕಾದರೆ ಡೆಸ್ಕ್‌ಟಾಪು ತೆಗೆಯಬೇಕಾಗುತ್ತದೆ ಎಂದಿತು ಆಪ್ಟ್. ಇಂಥ ಅಪಾಯದ ಹೊತ್ತಿನಲ್ಲಿ ಅದು ಬರೀ ವೈ ಒಪ್ಪುತ್ತಿರಲಿಲ್ಲ. ‘ಹೌದು, ನಾನು ಹೇಳಿದಂತೆ ಮಾಡು’ ಎಂಬ ಇಡೀ ವಾಕ್ಯವನ್ನು ಟೈಪಿಸಿ ಎನ್ನುತ್ತಿತ್ತು. ಅವರು ಟೈಪಿಸಿದರು. ಅದು ಹೇಳಿದಂತೆ ಮಾಡಿತು. ಡೆಸ್ಕ್‌ಟಾಪು ಮಾಯ. ಅದಾದ ಮೇಲೆ ಆಪ್ಟ್ ತಂಡ ಆ ವಾಕ್ಯದ ದಾರಿಯನ್ನೇ ಇನ್ನಷ್ಟು ಬಿಗಿ ಮಾಡಿತು. ಬಳಸುವವನು ಓದುವುದಿಲ್ಲ ಎಂಬುದನ್ನು ಅವರು ಒಪ್ಪಿಕೊಂಡರು ಎಂದು ನನ್ನ ಎಣಿಕೆ.

ಆಪ್ಟ್ ಅಷ್ಟು ದಡ್ಡನೇ ಎಂದು ಕೇಳಬಹುದು. ಅಲ್ಲ. ಅದರ ಕೆಲಸ ನಾವು ಎಣಿಸಿದ್ದಕ್ಕಿಂತ ಕಷ್ಟದ್ದು. ಮದುವೆ ಮನೆಯ ಪಂಕ್ತಿಯನ್ನು ನೆನೆಸಿಕೊಳ್ಳಿ. ಸೋದರತ್ತೆ ಕೂತ ಸಾಲಿನಲ್ಲಿ ಚಿಕ್ಕಪ್ಪ ಕೂರುವುದಿಲ್ಲ, ಆಸ್ತಿ ಜಗಳ. ಅಜ್ಜಿ ಬರಬೇಕಾದರೆ ಸೋದರತ್ತೆಯೋ ದೊಡ್ಡಮ್ಮನೋ ಯಾರಾದರೊಬ್ಬರು ಪಕ್ಕದಲ್ಲಿರಬೇಕು. ದೊಡ್ಡಮ್ಮ ಬಂದರೆ ದೊಡ್ಡಪ್ಪನೂ ಬರಬೇಕು, ದೊಡ್ಡಪ್ಪನಿಗೂ ಚಿಕ್ಕಪ್ಪನಿಗೂ ಮಾತಿಲ್ಲ. ಹತ್ತು ಜನರಾದರೆ ಮನೆಯ ಹಿರಿಯರು ಬಾಯಲ್ಲೇ ಬಗೆಹರಿಸುತ್ತಾರೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರ ಕಣಜದಲ್ಲಿರುವ ಪ್ಯಾಕೇಜುಗಳು 69,830. ಪ್ರತಿಯೊಂದಕ್ಕೂ ಬೇಕು ಎಂಬ ಪಟ್ಟಿ, ಇದ್ದರೆ ಒಳ್ಳೆಯದು ಎಂಬ ಪಟ್ಟಿ, ಇಂಥವರ ಜೊತೆ ಆಗದು ಎಂಬ ಪಟ್ಟಿ, ಬೇಕಾದದ್ದು ಇಂಥ ಆವೃತ್ತಿಗಿಂತ ಹಳೆಯದಿರಬಾರದು ಎಂಬ ಷರತ್ತು. ಒಬ್ಬರು ಪಂಕ್ತಿ ಹಾಕಿ ತೋರಿಸಿದರೆ ಸರಿಯಿದೆಯೇ ಎಂದು ನೋಡುವುದು ಸುಲಭ, ಹಾಕುವುದು ಕಷ್ಟ. ಯುರೋಪಿನ ಎಡೋಸ್ ಎಂಬ ಸಂಶೋಧನಾ ಯೋಜನೆಯಲ್ಲಿ ರಾಬರ್ಟೊ ಡಿ ಕಾಸ್ಮೊ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದ್ದು ಇದನ್ನೇ: ಒಂದು ಪ್ಯಾಕೇಜನ್ನು ಹಾಕಲು ಸಾಧ್ಯವೇ ಎಂಬ ಪ್ರಶ್ನೆ ಗಣಿತಜ್ಞರು ಎನ್‌ಪಿ-ಪೂರ್ಣ ಎಂದು ಕರೆಯುವ ಕಠಿಣ ಲೆಕ್ಕಗಳ ಗುಂಪಿಗೆ ಸೇರಿದ್ದು. ಎಲ್ಲ ಸಂದರ್ಭಕ್ಕೂ ಬೇಗ ಉತ್ತರ ಕೊಡುವ ವಿಧಾನ ಇದಕ್ಕೆ ಯಾರಿಗೂ ಸಿಕ್ಕಿಲ್ಲ.

ಹಾಗಾಗಿ ಆಪ್ಟ್‌ನಂಥವು ಬಹುಕಾಲ ಅನುಭವದ ಅಂದಾಜಿನ ಮೇಲೇ ನಡೆದವು. 2008ರಲ್ಲಿ ಓಪನ್‌ಸೂಸೆ 11.0 ತರ್ಕದ ಲೆಕ್ಕ ಬಿಡಿಸುವ ವಿಧಾನವನ್ನೇ ಪ್ಯಾಕೇಜಿಗೆ ತಂದಿತು. ಆಪ್ಟ್‌ಗೆ ಹೊಸ ಲೆಕ್ಕಿಗನೊಬ್ಬ ಸೇರಿದ್ದು 2025ರ 3.0 ಆವೃತ್ತಿಯಲ್ಲಿ. ಆ ಆವೃತ್ತಿಯ ಇನ್ನೊಂದು ಉಪಕಾರವನ್ನು ಹೇಳಲೇಬೇಕು: ತೆಗೆದುಹಾಕುವವುಗಳ ಪಟ್ಟಿಯನ್ನು ಅದು ಕೆಂಪು ಬಣ್ಣದಲ್ಲಿ ತೋರಿಸುತ್ತದೆ.

ಮೊದಲು ಆಪ್ಟ್ ಎಂಬ ಭಾಗ್ಯವೂ ಇರಲಿಲ್ಲ. ಅಮೆರಿಕದ ವಿದ್ಯಾರ್ಥಿ ಇಯನ್ ಮರ್ಡಾಕ್ ಡೆಬಿಯನ್ ಶುರುಮಾಡಿದ್ದು 1993ರ ಆಗಸ್ಟ್‌ನಲ್ಲಿ. ಗೆಳತಿ ಡೆಬ್ರಾಳ ಹೆಸರಿಗೆ ತನ್ನದನ್ನು ಸೇರಿಸಿ ಡೆಬಿಯನ್. ಆರಂಭದ ದಿನಗಳಿಂದಲೂ ಇರುವ ಡಿಪಿಕೆಜಿಗೆ ಹಂಗು ಏನೆಂದು ಗೊತ್ತು, ತೀರಿಸುವುದು ಗೊತ್ತಿಲ್ಲ. ಇದಿಲ್ಲ, ಅದಿಲ್ಲ ಎನ್ನುತ್ತದೆ, ತಂದುಕೊಡುವುದಿಲ್ಲ. ಒಂದನ್ನು ಹುಡುಕಿ ತಂದರೆ ಅದಕ್ಕೆ ಇನ್ನೆರಡು ಬೇಕು. ರೆಡ್ ಹ್ಯಾಟ್ ಕಡೆಯವರು ತಮ್ಮ ಆರ್‌ಪಿಎಂ ಪ್ಯಾಕೇಜುಗಳ ಜೊತೆ ಪಟ್ಟ ಇದೇ ಪಾಡಿಗೆ ಆರ್‌ಪಿಎಂ ನರಕ ಎಂದು ಹೆಸರಿಟ್ಟರು. ಬೇಕಾದದ್ದನ್ನೆಲ್ಲ ಕಣಜದಿಂದ ತಾನೇ ಹುಡುಕಿ ತರುವ ಆಪ್ಟ್ 1999ರ ಮಾರ್ಚ್‌ನಲ್ಲಿ ಡೆಬಿಯನ್ 2.1ರ ಜೊತೆ ಬಂದ ಮೇಲೆ ಮನೆಯವರೂ ಲಿನಕ್ಸ್ ಮುಟ್ಟುವಂತಾಯಿತು. ಅಂದಹಾಗೆ ಡೆಬಿಯನ್ ಆವೃತ್ತಿಗಳಿಗೆಲ್ಲ ಟಾಯ್ ಸ್ಟೋರಿ ಸಿನಿಮಾದ ಪಾತ್ರಗಳ ಹೆಸರು. ಸದಾ ಬದಲಾಗುತ್ತಲೇ ಇರುವ, ಯಾವಾಗ ಬೇಕಾದರೂ ಮುರಿಯಬಹುದಾದ ಪ್ರಯೋಗದ ಕಣಜಕ್ಕೆ ಸಿಡ್ ಎಂದು ಹೆಸರು. ಸಿಡ್ ಆ ಸಿನಿಮಾದಲ್ಲಿ ಗೊಂಬೆಗಳನ್ನು ಮುರಿಯುವ ಪಕ್ಕದ ಮನೆಯ ಹುಡುಗ.

ವಿಂಡೋಸ್ ಬಳಸುವ ಓದುಗರು, ಇದು ನಮ್ಮ ತಲೆನೋವಲ್ಲ ಎಂದು ಪುಟ ತಿರುಗಿಸಬೇಡಿ. ಆಟವೊಂದನ್ನು ತೆರೆದಾಗ ‘ಎಂಎಸ್‌ವಿಸಿಪಿ140 ಡಿಎಲ್‌ಎಲ್ ಸಿಗುತ್ತಿಲ್ಲ’ ಎಂದು ಬರುತ್ತದಲ್ಲ, ಅದೂ ಹಂಗೇ, ಡಿಎಲ್‌ಎಲ್ ಎಂದರೆ ವಿಂಡೋಸಿನ ಹಂಚಿಕೆಯ ಲೈಬ್ರರಿ. ಒಂದು ತಂತ್ರಾಂಶ ತನ್ನ ಡಿಎಲ್‌ಎಲ್ ಅನ್ನು ಇನ್ನೊಂದರ ಕಡತದ ಮೇಲೆ ಬರೆದು ಎರಡೂ ಕೆಡುತ್ತಿದ್ದ ಕಾಲಕ್ಕೆ ವಿಂಡೋಸಿನವರೂ ಡಿಎಲ್‌ಎಲ್ ನರಕ ಎಂದೇ ಹೆಸರಿಟ್ಟಿದ್ದರು. 2001ರ ಎಕ್ಸ್‌ಪಿಯಿಂದ ಬೇರೆ ಬೇರೆ ಆವೃತ್ತಿಗಳನ್ನು ಅಕ್ಕಪಕ್ಕ ಇಡುವ ವ್ಯವಸ್ಥೆ ಬಂತು. ಇವತ್ತಿಗೂ ಆ ಸಂದೇಶ ಬಂದರೆ ಮಾಡಬೇಕಾದದ್ದು ಒಂದೇ: ಮೈಕ್ರೋಸಾಫ್ಟಿನ ಜಾಲತಾಣದಿಂದಲೇ ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಇಳಿಸಿ ಹಾಕುವುದು. ಬಿಡಿ ಡಿಎಲ್‌ಎಲ್ ಫೈಲುಗಳನ್ನು ಹಂಚುವ ಅಂಗಡಿಗಳು ಬೇಕಾದಷ್ಟಿವೆ. ಅಲ್ಲಿಂದ ತಂದು ಸಿಸ್ಟಂ ಫೋಲ್ಡರಿಗೆ ಹಾಕುವುದೆಂದರೆ ಗುರುತಿಲ್ಲದವನು ಕೊಟ್ಟ ಮಾತ್ರೆ ನುಂಗಿದ ಹಾಗೆ.

ಹಂಗೇ ಬೇಡ ಎಂದು ಹೊರಟವರೂ ಇದ್ದಾರೆ. ಫ್ಲ್ಯಾಟ್‌ಪ್ಯಾಕ್, ಸ್ನ್ಯಾಪ್, ಆ್ಯಪ್‌ಇಮೇಜ್ ಮುಂತಾದವು ತಮಗೆ ಬೇಕಾದ ಬಹುಪಾಲನ್ನು ಜೊತೆಗೇ ಕಟ್ಟಿಕೊಂಡು ಬರುತ್ತವೆ. ಬುತ್ತಿ ತಂದ ನೆಂಟರು. ನಿಮ್ಮ ಅಡುಗೆಮನೆಗೆ ಕಾಲಿಡುವುದಿಲ್ಲ. ಹೊಸ ಆವೃತ್ತಿಯ ಆಸೆಯಿದ್ದವರಿಗೆ ಖಾಸಗಿ ಕಣಜಕ್ಕಿಂತ ಇದು ಎಷ್ಟೋ ಮೇಲು. ನನ್ನ ವಿಡಿಯೊ ತಂತ್ರಾಂಶ ಈಗ ಫ್ಲ್ಯಾಟ್‌ಪ್ಯಾಕಿನಲ್ಲೇ ಇದೆ. ಡಿಸ್ಕಿನಲ್ಲಿ ಜಾಗ ಹೆಚ್ಚು ಹಿಡಿಯುತ್ತದೆ. ಬುತ್ತಿಯ ಅನ್ನ ಹಳಸಿದರೆ ಕಟ್ಟಿದವರೇ ಬದಲಿಸಬೇಕು, ಲಿಬ್‌ವೆಬ್‌ಪಿಯ ಕತೆ ಮೇಲೆ ಹೇಳಿದೆನಲ್ಲ. ಇನ್ನೊಂದು ದಾರಿ ನೆದರ್ಲೆಂಡ್ಸಿನ ಈಲ್ಕೊ ಡೋಲ್ಸ್ಟ್ರಾ ತೋರಿಸಿದ್ದು. ಉಟ್ರೆಕ್ಟ್ ವಿಶ್ವವಿದ್ಯಾಲಯದ ಅವರ 2006ರ ಪಿಎಚ್‌ಡಿ ಪ್ರಬಂಧವೇ ನಿಕ್ಸ್ ಎಂಬ ವ್ಯವಸ್ಥೆಯ ಬುನಾದಿ. ಒಂದೇ ಲೈಬ್ರರಿಯ ಹತ್ತು ಆವೃತ್ತಿಗಳು ಹತ್ತು ಬೇರೆ ಫೋಲ್ಡರುಗಳಲ್ಲಿ ಇರಲಿ, ಯಾರಿಗೆ ಯಾವುದು ಬೇಕೋ ಅದನ್ನೇ ಬಳಸಲಿ ಎನ್ನುವ ಲೆಕ್ಕ. ಕೇಳಲು ಸೊಗಸು. ಕಲಿಯಲು ನನಗೆ ಎರಡು ಭಾನುವಾರ ಸಾಲಲಿಲ್ಲ, ಬಿಟ್ಟೆ. ಪೈಥಾನ್ ಕಲಿಯುವ ಮಕ್ಕಳಿಗೆ ಡೆಬಿಯನ್ 12ರಿಂದೀಚೆ ಅದರ ಪ್ಯಾಕೇಜು ತರುವ ಪಿಪ್ ನೇರವಾಗಿ ಏನನ್ನೂ ಹಾಕಲು ಬಿಡುವುದಿಲ್ಲ. ಬೇರೆ ಆವರಣ ಮಾಡಿಕೊಂಡು ಅಲ್ಲಿ ಹಾಕಿಕೊಳ್ಳಿ ಎನ್ನುತ್ತದೆ. ಮಕ್ಕಳು ಬೈದುಕೊಳ್ಳುತ್ತಾರೆ. ನನಗೆ ಆ ನಿಯಮ ಇಷ್ಟ.

ಹಂಗಿನ ಸರಪಳಿ ಎಷ್ಟು ಉದ್ದ ಎಂಬುದು ಬಳಸುವವರಿಗಷ್ಟೇ ಅಲ್ಲ, ಕಟ್ಟುವವರಿಗೂ ಹಲವು ಸಲ ಗೊತ್ತಿರುವುದಿಲ್ಲ. 2016ರ ಮಾರ್ಚ್‌ನಲ್ಲಿ ಅಜೆರ್ ಕೊಚುಲು ಎಂಬ ತಂತ್ರಜ್ಞ ಹೆಸರಿನ ಜಗಳವೊಂದರಲ್ಲಿ ಬೇಸತ್ತು, ಜಾಲತಾಣ ಕಟ್ಟುವವರು ಬಳಸುವ ಎನ್‌ಪಿಎಂ ಕಣಜದಿಂದ ತನ್ನ ಪ್ಯಾಕೇಜುಗಳನ್ನೆಲ್ಲ ತೆಗೆದುಬಿಟ್ಟ. ಅದರಲ್ಲಿ ಲೆಫ್ಟ್-ಪ್ಯಾಡ್ ಒಂದು. ಪದದ ಎಡಕ್ಕೆ ಖಾಲಿ ಜಾಗ ಸೇರಿಸುವ 11 ಸಾಲಿನ ಸಂಕೇತ. ದೊಡ್ಡ ದೊಡ್ಡ ಜಾಲತಾಣಗಳ ಕಟ್ಟುವ ಕೆಲಸ ಅದಿಲ್ಲದೆ ನಿಂತುಹೋಯಿತು. ಇನ್ನೂ ಮೈನಡುಗಿಸುವುದು 2024ರ ಮಾರ್ಚ್ 29ರ ಸುದ್ದಿ. ದೂರದ ಯಂತ್ರಕ್ಕೆ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಕೆದಕಿದ ತಂತ್ರಜ್ಞ ಆಂಡ್ರೆಸ್ ಫ್ರಾಯ್ನ್ಡ್, ಎಕ್ಸ್‌ಝಡ್ ಎಂಬ ಕುಗ್ಗಿಸುವ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಅಡಗಿಸಿಟ್ಟ ಹಿಂಬಾಗಿಲನ್ನು ಪತ್ತೆಮಾಡಿದರು. ಲಾಗಿನ್ ಮಾಡಿಸುವ ತಂತ್ರಾಂಶಕ್ಕೂ ಎಕ್ಸ್‌ಝಡ್‌ಗೂ ನೇರ ನೆಂಟಸ್ತಿಕೆಯೇ ಇರಲಿಲ್ಲ. ಡೆಬಿಯನ್‌ನಂಥವು ನಡುವೆ, ಯಂತ್ರದ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಒಂದು ಲೈಬ್ರರಿಯನ್ನು ಸೇರಿಸಿದ್ದವು, ಅದಕ್ಕೆ ಇದು ಬೇಕಿತ್ತು. ಅತ್ತಿಗೆಯ ತವರಿನ ಕಡೆಯವನು ಮನೆಯ ಬೀಗದ ಕೈ ಹಿಡಿದು ನಿಂತಂತೆ. ಹೊಸ ಆವೃತ್ತಿ ಇನ್ನೂ ಬಹುಪಾಲು ಪ್ರಯೋಗದ ಕಣಜಗಳಲ್ಲೇ ಇದ್ದುದರಿಂದ ನಮ್ಮಂಥವರ ಮನೆಯ ಯಂತ್ರಗಳು ಬಚಾವಾದವು.

ಮನೆಯ ಮಟ್ಟಕ್ಕೆ ಇಳಿದರೆ ನನ್ನ ಅಭಿಪ್ರಾಯ ಇಷ್ಟು. ಡಿಪೆಂಡೆನ್ಸಿ ತೊಡಕುಗಳಲ್ಲಿ ಹತ್ತಕ್ಕೆ ಒಂಬತ್ತು ಹೊರಗಿನಿಂದ ತಂದದ್ದರಿಂದ ಆಗುವುದು: ಕಂಪನಿಯ ಹಳೆಯ ಡೆಬ್ ಫೈಲು, ಯಾರದೋ ಖಾಸಗಿ ಕಣಜ, ಬೇರೆ ಆವೃತ್ತಿಯ ಪ್ಯಾಕೇಜು. ಹಾಗಾಗಿ ಸಂದೇಶ ಬಂದೊಡನೆ ಹೊಸ ಆಜ್ಞೆ ಹುಡುಕುವ ಮೊದಲು ಆ ಪ್ಯಾಕೇಜು ಎಲ್ಲಿಂದ ಬಂತೆಂದು ಕೇಳಬೇಕು. ಆಪ್ಟ್ ಪಾಲಿಸಿ ಎಂದು ಬರೆದು ಪ್ಯಾಕೇಜಿನ ಹೆಸರು ಕೊಟ್ಟರೆ ಯಾವ ಕಣಜದಲ್ಲಿ ಯಾವ ಆವೃತ್ತಿ ಇದೆ, ಈಗ ಯಂತ್ರದಲ್ಲಿರುವುದು ಯಾವುದು ಎಂದು ಅದು ತೋರಿಸುತ್ತದೆ. ಕಣಜದ ಹೆಸರಿಲ್ಲದ ಆವೃತ್ತಿ ಕಂಡರೆ ಕಳ್ಳ ಸಿಕ್ಕಂತೆ. ಇನ್‌ಸ್ಟಾಲ್ ಮಾಡಿದಂತೆ ನಟಿಸು ಎಂದು ಆಪ್ಟ್‌ಗೆ ಹೇಳುವ ಸೌಲಭ್ಯವೂ ಇದೆ, ಆಜ್ಞೆಯಲ್ಲಿ ಅಡ್ಡಗೆರೆಯ ಜೊತೆ ಒಂದು ಎಸ್ ಸೇರಿಸಿದರಾಯಿತು. ಏನೇನು ಬರುತ್ತದೆ, ಏನೇನು ಹೋಗುತ್ತದೆ ಎಂದು ಹೇಳಿ ಏನೂ ಮಾಡದೆ ನಿಲ್ಲುತ್ತದೆ.

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ಆ ಪ್ಯಾಕೇಜು ನಿಜವಾಗಿ ಬೇಕೇ ಎಂದು. ಆ ಶನಿವಾರ ನಾವು ಫಿಕ್ಸ್-ಬ್ರೋಕನ್‌ನ ಮಾತು ಕೇಳಿ ಕಂಪನಿಯ ತಂತ್ರಾಂಶ ತೆಗೆದೆವು. ಹುಡುಗ ಎದ್ದು ಹೊರಟವನು ಬಾಗಿಲಲ್ಲಿ ನಿಂತು, ‘ಅಲ್ಲ ಅಂಕಲ್, ಮೆನುವಿನಲ್ಲಿ ಡಾಕ್ಯುಮೆಂಟ್ ಸ್ಕ್ಯಾನರ್ ಅಂತ ಇದೆಯಲ್ಲ, ಅದನ್ನ ನೋಡಿದ್ರಾ?’ ಎಂದ. ನೋಡಿರಲಿಲ್ಲ. ತೆರೆದರೆ ನನ್ನ ಯಂತ್ರದ ಹೆಸರು ಅಲ್ಲೇ ಕೂತಿತ್ತು. ಈಚಿನ ವರ್ಷಗಳ ಪ್ರಿಂಟರು ಸ್ಕ್ಯಾನರುಗಳಲ್ಲಿ ಹೆಚ್ಚಿನವು ಕಂಪನಿಯ ಡ್ರೈವರ್ ಇಲ್ಲದೆಯೇ ಮಾತಾಡುವ ಒಂದು ಸಾಮಾನ್ಯ ಭಾಷೆಯನ್ನು ಕಲಿತಿವೆ. ಮಿಂಟ್ 21ರಲ್ಲಿ ಅದಕ್ಕೆ ಬೇಕಾದದ್ದು ಮೊದಲೇ ಇತ್ತು. ಅಜ್ಜನ ಮೊದಲ ಪತ್ರ ಪರದೆಗೆ ಬರಲು ಹಿಡಿದದ್ದು ಅರ್ಧ ನಿಮಿಷ. ಮೂರು ಗಂಟೆ ಗುದ್ದಾಡಿದ್ದು ಬೇಡದ ಪ್ಯಾಕೇಜಿನ ಜೊತೆ.

ಮನೆಯಲ್ಲಿ ಲಿನಕ್ಸ್ ಇಟ್ಟುಕೊಂಡವರಲ್ಲಿ ಒಂದು ಕೇಳಿಕೆ. ‘ಮುಂದುವರಿಯಲೇ’ ಎಂದು ಆಪ್ಟ್ ಕೇಳುವ ಸಾಲಿನ ಕೊನೆಯಲ್ಲಿ ವೈ ದೊಡ್ಡಕ್ಷರದಲ್ಲೂ ಎನ್ ಚಿಕ್ಕಕ್ಷರದಲ್ಲೂ ಇರುತ್ತವೆ. ಅಂದರೆ ಬರೀ ಎಂಟರ್ ಒತ್ತಿದರೂ ಒಪ್ಪಿಗೆ ಎಂದೇ ಲೆಕ್ಕ. ಅದಕ್ಕೆ ಮೊದಲು ಮೇಲಿನ ‘ತೆಗೆದುಹಾಕಲಾಗುವುದು’ ಎಂಬ ಪಟ್ಟಿಯನ್ನೊಮ್ಮೆ ಓದಿ. ಅದರಲ್ಲಿ ಐಬಸ್-ಎಂ17ಎನ್ ಕಂಡರೆ ಎನ್ ಒತ್ತಿ, ಊಟ ಮುಗಿಸಿ ಬಂದು ಕೂತು ನೋಡಿ.